ಹೃದಯದ ಕವಾಟದ ಕಾಯಿಲೆ: ಬೇಗ ಪತ್ತೆಯಾದರೆ ಏನು ಲಾಭ?

(ರೋಗಿಗಳಿಗೆ ಹಾಗೂ ಅವರ ಜೊತೆಯಲ್ಲಿ ಬಂದಿರುವ ಬಂಧುಗಳಿಗೆ ತಿಳುವಳಿಕೆ)

ತೋಟ ಇಟ್ಟುಕೊಂಡವರಿಗೆ ಫುಟ್‌ವಾಲ್ವ್ ಎಂದರೇನು ಎಂದು ಹೇಳಿಕೊಡಬೇಕಾಗಿಲ್ಲ. ಬಾವಿಯಲ್ಲಿ ಇಳಿಬಿಟ್ಟ ಪಂಪ್‌ಸೆಟ್ಟಿನ ಕೊಳವೆಯ ಬುಡದಲ್ಲಿ ಇರುವ ಈ ಸಣ್ಣ ಬಾಗಿಲು ನೀರನ್ನು ಮೇಲಕ್ಕೆ ಬಿಡುತ್ತದೆ, ಕೆಳಕ್ಕೆ ಇಳಿಯಲು ಬಿಡುವುದಿಲ್ಲ. ಅದು ಸೋರತೊಡಗಿದರೆ ಮೋಟಾರು ಓಡುತ್ತಲೇ ಇರುತ್ತದೆ, ಕರೆಂಟು ಖರ್ಚಾಗುತ್ತಲೇ ಇರುತ್ತದೆ, ತೆಂಗಿನ ಬುಡಕ್ಕೆ ಮಾತ್ರ ನೀರು ಸಾಲದು. ಬಹಳ ದಿನ ಹಾಗೆಯೇ ಬಿಟ್ಟರೆ ಒಂದು ದಿನ ಮೋಟಾರೇ ಸುಟ್ಟುಹೋಗುತ್ತದೆ. ಆಮೇಲೆ ಹೊಸ ಫುಟ್‌ವಾಲ್ವ್ ತಂದು ಹಾಕಿದರೂ ನೀರು ಬಾರದು.

ಹೃದಯದ ಕವಾಟದ ಕಾಯಿಲೆಯೂ ಬಹುಮಟ್ಟಿಗೆ ಹೀಗೆಯೇ. ಕವಾಟವನ್ನು ಹಿಗ್ಗಿಸಬಹುದು, ರಿಪೇರಿ ಮಾಡಬಹುದು, ಬದಲಾಯಿಸಬಹುದು. ಆದರೆ ಸೋತುಹೋದ ಹೃದಯದ ಸ್ನಾಯುವನ್ನು ಬದಲಾಯಿಸುವುದು ಅಷ್ಟು ಸುಲಭವಲ್ಲ. ಆದ್ದರಿಂದ ಮೋಟಾರು ಸುಡುವ ಮೊದಲು ವಾಲ್ವ್ ಕೆಟ್ಟಿರುವುದು ತಿಳಿಯಬೇಕು. ಅದು ಹೇಗೆ ತಿಳಿಯುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕವಾಟಗಳು ಮಾಡುವ ಕೆಲಸ

ಹೃದಯವು ನಮ್ಮ ಮುಷ್ಟಿಯಷ್ಟು ಗಾತ್ರದ, ಸ್ನಾಯುವಿನಿಂದ ಆದ ಪಂಪು. ಅದರಲ್ಲಿ ನಾಲ್ಕು ಕೋಣೆಗಳಿವೆ. ರಕ್ತವು ಮುಂದಕ್ಕೆ ಮಾತ್ರ ಹರಿಯುವಂತೆ ನಾಲ್ಕು ಕವಾಟಗಳಿವೆ. ವಿಶ್ರಾಂತಿಯಲ್ಲಿರುವಾಗಲೂ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ತಳ್ಳುತ್ತದೆ. ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿಯುತ್ತದೆ. ಅಷ್ಟೂ ಬಾರಿ ಈ ಬಾಗಿಲುಗಳು ತೆರೆದು ಮುಚ್ಚಬೇಕು. ವೈದ್ಯರು ಸ್ಟೆತಾಸ್ಕೋಪಿನಲ್ಲಿ ಕೇಳುವ 'ಲಬ್-ಡಬ್' ಸದ್ದು ಕವಾಟಗಳು ಮುಚ್ಚಿಕೊಳ್ಳುವಾಗ ಬರುವುದು.

ನಾಲ್ಕರಲ್ಲಿ ಹೆಚ್ಚಾಗಿ ಕೆಡುವುದು ಎಡಭಾಗದ ಎರಡು: ಮೈಟ್ರಲ್ ಕವಾಟ ಮತ್ತು ಅಯೋರ್ಟಿಕ್ ಕವಾಟ. ಕೆಡುವ ಬಗೆಯೂ ಎರಡು. ಒಂದು, ಬಾಗಿಲು ಪೂರ್ತಿ ತೆರೆಯದೆ ದಾರಿ ಕಿರಿದಾಗುವುದು. ಕೆರೆಯ ತೂಬಿಗೆ ಹೂಳು ತುಂಬಿದಂತೆ. ಇನ್ನೊಂದು, ಬಾಗಿಲು ಪೂರ್ತಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುವುದು. ಕೆಲವರಲ್ಲಿ ಒಂದೇ ಕವಾಟದಲ್ಲಿ ಎರಡೂ ಇರುತ್ತವೆ.

ಗಂಟಲು ನೋವಿನಿಂದ ಹೃದಯಕ್ಕೆ

'ಇಷ್ಟು ಚಿಕ್ಕ ವಯಸ್ಸಿಗೆ ಹಾರ್ಟ್ ತೊಂದರೆ ಹೇಗೆ ಬಂತು?' ಎಂಬುದು ಬಂಧುಗಳು ಮೊದಲು ಕೇಳುವ ಪ್ರಶ್ನೆ. ಮಗು ಸಿಗರೇಟು ಸೇದಿಲ್ಲ, ಸಕ್ಕರೆ ಕಾಯಿಲೆ ಇಲ್ಲ, ವಂಶದಲ್ಲಿ ಯಾರಿಗೂ ಇಲ್ಲ. ನಮ್ಮ ದೇಶದಲ್ಲಿ ಯುವಜನರ ಕವಾಟದ ಕಾಯಿಲೆಗೆ ದೊಡ್ಡ ಕಾರಣ ಬಾಲ್ಯದಲ್ಲಿ ಬಂದು ಹೋದ ರುಮ್ಯಾಟಿಕ್ ಜ್ವರ, ಅಂದರೆ ಕೀಲುವಾತದ ಜ್ವರ.

ಇದು ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಲ್ಲಿ ಕಾಣುತ್ತದೆ. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಮೊದಲು ಗಂಟಲು ನೋವು, ಜ್ವರ ಬರುತ್ತದೆ. ನಾಲ್ಕು ದಿನದಲ್ಲಿ ಇಳಿಯುತ್ತದೆ. ಮನೆಯವರು ಮರೆತೂ ಬಿಡುತ್ತಾರೆ. ಎರಡು ಮೂರು ವಾರ ಕಳೆದ ಮೇಲೆ ಮತ್ತೆ ಜ್ವರ. ಮಂಡಿ ಊದಿ, ಅದು ಇಳಿಯುತ್ತಿದ್ದಂತೆ ಹಿಮ್ಮಡಿಯ ಗಂಟು, ಆಮೇಲೆ ಮೊಣಕೈ, ಹೀಗೆ ನೋವು ಕೀಲಿನಿಂದ ಕೀಲಿಗೆ ಓಡಾಡುತ್ತದೆ. ರೋಗಾಣುವಿನ ವಿರುದ್ಧ ಹೋರಾಡಲು ದೇಹವು ತಯಾರಿಸಿದ ಶಕ್ತಿಯೇ ತಪ್ಪಿ ತನ್ನ ಕೀಲುಗಳ ಮೇಲೆ, ಹೃದಯದ ಕವಾಟಗಳ ಮೇಲೆ ಬೀಳುವುದರಿಂದ ಹೀಗಾಗುತ್ತದೆ. ಕೀಲುಗಳು ಗುರುತಿಲ್ಲದಂತೆ ವಾಸಿಯಾಗುತ್ತವೆ. ಕವಾಟದ ಗಾಯ ಹಾಗಲ್ಲ. ಅದು ಒಣಗುವಾಗ ದಪ್ಪವಾಗುತ್ತದೆ, ಅಂಚುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಜ್ವರ ಮರುಕಳಿಸಿದಷ್ಟೂ ಗಾಯದ ಮೇಲೆ ಗಾಯ. ಇದೆಲ್ಲ ನಡೆಯುವುದು ಹತ್ತು, ಹದಿನೈದು ವರ್ಷಗಳ ಅವಧಿಯಲ್ಲಿ, ಸದ್ದಿಲ್ಲದೆ.

ಕೆಲವು ಮಕ್ಕಳಲ್ಲಿ ಕೀಲುನೋವು ಗಮನಕ್ಕೆ ಬರುವಷ್ಟೂ ಇರುವುದಿಲ್ಲ. 'ಬೆಳೆಯುವ ಮಕ್ಕಳಿಗೆ ಕಾಲುನೋವು ಸಹಜ' ಎಂದು ಎಣ್ಣೆ ಹಚ್ಚಿ ಮಲಗಿಸುವುದು ನಮ್ಮಲ್ಲಿ ವಾಡಿಕೆ. ಎಣ್ಣೆ ಹಚ್ಚಲಿ, ತಪ್ಪಿಲ್ಲ. ಆದರೆ ಕೀಲು ಊದಿದ್ದರೆ, ಜೊತೆಗೆ ಜ್ವರವಿದ್ದರೆ, ಅದು ಬೆಳವಣಿಗೆಯ ನೋವಲ್ಲ. ಮಗುವನ್ನು ವೈದ್ಯರಿಗೆ ತೋರಿಸಲೇಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ 50 ಲಕ್ಷ ಜನರಿಗೆ ರುಮ್ಯಾಟಿಕ್ ಹೃದ್ರೋಗವಿದೆ. ವರ್ಷಕ್ಕೆ ಸುಮಾರು 3 ಲಕ್ಷ 60 ಸಾವಿರ ಜನ ಸಾಯುತ್ತಾರೆ. ಶ್ರೀಮಂತ ದೇಶಗಳಲ್ಲಿ ಇದು ಬಹುಮಟ್ಟಿಗೆ ಕಾಣೆಯಾಗಿದೆ. ಒಂದೇ ಕೋಣೆಯಲ್ಲಿ ಹತ್ತು ಜನ ಮಲಗುವ ಮನೆಗಳಲ್ಲಿ, ಗಂಟಲು ನೋವಿಗೆ ಔಷಧ ಸಿಗದ ಊರುಗಳಲ್ಲಿ ಉಳಿದುಕೊಂಡಿದೆ.

ಎಲ್ಲ ಗಂಟಲು ನೋವೂ ಸ್ಟ್ರೆಪ್ಟೊಕಾಕಸ್ ಅಲ್ಲ. ಹೆಚ್ಚಿನವು ಸಾಮಾನ್ಯ ಶೀತದವು, ತಾವಾಗಿಯೇ ವಾಸಿಯಾಗುತ್ತವೆ. ಮೂಗು ಸೋರುವುದು, ಕೆಮ್ಮು ಇಲ್ಲದೆ, ಜ್ವರದೊಂದಿಗೆ ನುಂಗಲಾರದಷ್ಟು ಗಂಟಲು ನೋವು, ಕತ್ತಿನಲ್ಲಿ ಗಂಟು ಇದ್ದರೆ ತಡಮಾಡದೆ ತೋರಿಸಿ. ನೋವು ಶುರುವಾದ 9 ದಿನಗಳೊಳಗೆ ಪೆನಿಸಿಲಿನ್ ಕೊಟ್ಟರೆ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಮಾತ್ರೆ ಬರೆದುಕೊಟ್ಟರೆ 10 ದಿನದ ಮಾತ್ರೆಗಳನ್ನೂ ಮುಗಿಸಬೇಕು. ಮೂರನೆಯ ದಿನ ಮಗು ಆಡತೊಡಗಿತೆಂದು ಉಳಿದ ಮಾತ್ರೆಗಳನ್ನು ಗೂಡಿನಲ್ಲಿ ಎತ್ತಿಡಬೇಡಿ.

21 ದಿನಕ್ಕೊಂದು ಸೂಜಿ

ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ಮತ್ತೆ ಬರದಂತೆ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್ನನ್ನು 21 ದಿನಗಳಿಗೊಮ್ಮೆ ಕೊಡುತ್ತಾರೆ. ಎಷ್ಟು ವರ್ಷ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಹೃದಯಕ್ಕೆ ತಗುಲಿಲ್ಲದಿದ್ದರೆ ಕನಿಷ್ಠ 5 ವರ್ಷ ಅಥವಾ 18 ವಯಸ್ಸಿನವರೆಗೆ. ಸ್ವಲ್ಪ ತಗುಲಿದ್ದರೆ 10 ವರ್ಷ ಅಥವಾ 25 ವಯಸ್ಸಿನವರೆಗೆ (ಎರಡರಲ್ಲಿ ಯಾವುದು ಹೆಚ್ಚೋ ಅದು). ಕವಾಟ ತೀವ್ರವಾಗಿ ಕೆಟ್ಟಿದ್ದರೆ 40 ವಯಸ್ಸಿನವರೆಗೆ ಅಥವಾ ಜೀವನಪೂರ್ತಿ.

ಸೂಜಿ ನೋಯುತ್ತದೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಎರಡು ದಿನ ಹುಡುಗ ಕುಂಟುತ್ತಾನೆ, ಶಾಲೆ ತಪ್ಪುತ್ತದೆ, ಕೂಲಿಯೂ ತಪ್ಪುತ್ತದೆ. 'ಈಗ ಚೆನ್ನಾಗೇ ಇದ್ದಾನಲ್ಲ' ಎಂದು ಬಿಡುವುದು ಇಲ್ಲಿಯೇ. ಆದರೆ ಈ ಸೂಜಿ ಈಗಿರುವ ಕಾಯಿಲೆಗಲ್ಲ, ಮುಂದೆ ಬರುವ ಜ್ವರವನ್ನು ತಡೆಯಲು. ಚೆನ್ನಾಗಿರುವಾಗಲೇ ಅದು ಬೇಕು. ದಿನ ಲೆಕ್ಕ ಮರೆಯುವವರಿಗೆ ಒಂದು ಸುಲಭ ಉಪಾಯ: 21 ದಿನವೆಂದರೆ ಸರಿಯಾಗಿ ಮೂರು ವಾರ. ನಿಮ್ಮೂರಿನ ಸಂತೆಯ ದಿನ ಸೂಜಿ ಹಾಕಿಸಿದ್ದರೆ, ಅಲ್ಲಿಂದ ಮೂರನೆಯ ಸಂತೆಗೆ ಮತ್ತೊಂದು. ಅಲರ್ಜಿಯ ಭಯ ಇರುವುದರಿಂದ ಆಸ್ಪತ್ರೆಯಲ್ಲೇ ಹಾಕಿಸಿ, ಅರ್ಧ ಗಂಟೆ ಅಲ್ಲೇ ಕುಳಿತು ಹೋಗಿ. ಕವಾಟ ಬಹಳ ಕೆಟ್ಟಿರುವ ಕೆಲವರಿಗೆ ಸೂಜಿಯ ಬದಲು ಮಾತ್ರೆ ಕೊಡುವುದೂ ಉಂಟು.

ಬೇಗ ಪತ್ತೆ ಮಾಡುವುದರಿಂದ ನಿಜವಾಗಿಯೂ ಲಾಭವಿದೆಯೇ ಎಂದು ಆಫ್ರಿಕಾದ ಉಗಾಂಡಾ ದೇಶದಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಯಾವ ತೊಂದರೆಯನ್ನೂ ಹೇಳದ ಶಾಲಾ ಮಕ್ಕಳಿಗೆ ಎಕೋ ಸ್ಕ್ಯಾನ್ ಮಾಡಿ, ಕವಾಟದಲ್ಲಿ ಆರಂಭದ ಬದಲಾವಣೆ ಇದ್ದ ಸುಮಾರು 800 ಮಕ್ಕಳನ್ನು ಎರಡು ಗುಂಪು ಮಾಡಿದರು. ಎರಡು ವರ್ಷಗಳ ಬಳಿಕ ನೋಡಿದಾಗ, ಸೂಜಿ ಪಡೆಯದ ಗುಂಪಿನಲ್ಲಿ ನೂರಕ್ಕೆ ಸುಮಾರು 8 ಮಕ್ಕಳ ಕಾಯಿಲೆ ಮುಂದುವರಿದಿತ್ತು. ಸೂಜಿ ಪಡೆದ ಗುಂಪಿನಲ್ಲಿ ನೂರಕ್ಕೆ ಒಬ್ಬರಿಗೂ ಕಡಿಮೆ. 2021ರಲ್ಲಿ ಪ್ರಕಟವಾದ ಈ ಫಲಿತಾಂಶ ಉಗಾಂಡಾದಷ್ಟೇ ನಮಗೂ ಮುಖ್ಯ, ಏಕೆಂದರೆ ಕಾಯಿಲೆ ಅದೇ, ಔಷಧವೂ ಅದೇ.

ನಮ್ಮಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ಅವರು ಹುಡುಕಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದ್ರೋಗವೂ ಇದೆ. ಗುಬ್ಬಿಯದೋ ಕುಣಿಗಲ್ಲಿನದೋ ಯಾವುದೋ ಹಳ್ಳಿಯ ಶಾಲೆಯಿಂದ ಮಗು 'ಎದೆಯಲ್ಲಿ ಸದ್ದಿದೆ, ತೋರಿಸಿ' ಎಂಬ ಚೀಟಿ ತಂದರೆ ಅದನ್ನು ಕಡೆಗಣಿಸಬೇಡಿ. ಗಾಬರಿಯೂ ಬೇಡ, ಆರೋಗ್ಯವಂತ ಮಕ್ಕಳ ಎದೆಯಲ್ಲೂ ಇಂಥ ಸದ್ದು ಕೇಳಿಸುವುದುಂಟು. ಅದು ಯಾವ ಸದ್ದು ಎಂದು ಎಕೋ ಹೇಳುತ್ತದೆ.

ಗರ್ಭಿಣಿಯರ ವಿಷಯ

ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ರುಮ್ಯಾಟಿಕ್ ಕಾಯಿಲೆಯಿಂದ ಮೈಟ್ರಲ್ ಕವಾಟ ಕಿರಿದಾಗುವುದು ಹೆಂಗಸರಲ್ಲಿ ಹೆಚ್ಚು. ಆರೋಗ್ಯವಂತರಲ್ಲಿ ಈ ಕವಾಟದ ದಾರಿ 4ರಿಂದ 6 ಚದರ ಸೆಂಟಿಮೀಟರ್ ಇರುತ್ತದೆ. ಅದು ಒಂದೂವರೆಗೆ ಇಳಿದರೆ ಕಾಯಿಲೆ ತೀವ್ರವಾಗಿದೆ ಎಂದರ್ಥ. ಮನೆಗೆಲಸ ಮಾಡಿಕೊಂಡಿರುವ ಹೆಣ್ಣುಮಗಳಿಗೆ ಆಗಲೂ 'ಸ್ವಲ್ಪ ಸುಸ್ತು' ಎಂಬುದಕ್ಕಿಂತ ಹೆಚ್ಚು ಅನಿಸದೇ ಇರಬಹುದು.

ಆಕೆ ಗರ್ಭಿಣಿಯಾದಾಗ ದೇಹದಲ್ಲಿ ರಕ್ತದ ಪ್ರಮಾಣ ನೂರಕ್ಕೆ 40ರಿಂದ 50ರಷ್ಟು ಹೆಚ್ಚುತ್ತದೆ, ಹೃದಯದ ಬಡಿತವೂ ಜೋರಾಗುತ್ತದೆ. ಕಿರಿದಾದ ಬಾಗಿಲಿನಲ್ಲಿ ಅಷ್ಟು ರಕ್ತ ಮುಂದೆ ಹೋಗಲಾರದೆ ಹಿಂದಕ್ಕೆ, ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಐದಾರನೆಯ ತಿಂಗಳಿಂದ ದಮ್ಮು ಕಟ್ಟತೊಡಗುತ್ತದೆ. 'ಬಸುರಿಗೆ ಏದುಸಿರು ಇದ್ದದ್ದೇ', 'ರಕ್ತ ಕಡಿಮೆ ಇರಬೇಕು, ಟಾನಿಕ್ ಕುಡಿಸಿ' ಎಂದು ಮನೆಯಲ್ಲಿ ಹಿರಿಯರು ಹೇಳುತ್ತಾರೆ. ಹಲವು ಸಲ ಅದು ನಿಜವೂ ಹೌದು. ಆದರೆ ಸಹಜ ಏದುಸಿರಿನ ಬಸುರಿ ಮಲಗಿ ನಿದ್ದೆ ಮಾಡುತ್ತಾಳೆ. ಕವಾಟ ಕಿರಿದಾದವಳು ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುತ್ತಾಳೆ, ಮಧ್ಯರಾತ್ರಿ ಕಿಟಕಿ ತೆಗೆಯಿರಿ ಎನ್ನುತ್ತಾಳೆ, ಕೆಮ್ಮಿದರೆ ಕಫದಲ್ಲಿ ರಕ್ತದ ಎಳೆ ಕಾಣಬಹುದು. ಇವುಗಳಲ್ಲಿ ಯಾವುದಿದ್ದರೂ ಆ ರಾತ್ರಿಯೇ ಆಸ್ಪತ್ರೆಗೆ ಕರೆತನ್ನಿ. ಬೆಳಗಾಗಲಿ ಎನ್ನಬೇಡಿ.

ಹೆರಿಗೆಯ ವೇಳೆ ಹಾಗೂ ಹೆರಿಗೆಯಾದ ಮೊದಲ ಒಂದೆರಡು ದಿನ ಅಪಾಯ ಹೆಚ್ಚು. ಮೊದಲೇ ತಿಳಿದಿದ್ದರೆ ಹೃದ್ರೋಗ ತಜ್ಞರು ಇರುವ ಆಸ್ಪತ್ರೆಯಲ್ಲಿ ಹೆರಿಗೆಗೆ ಏರ್ಪಾಡು ಮಾಡಬಹುದು. ಅಗತ್ಯಬಿದ್ದರೆ ಗರ್ಭಿಣಿಯಾಗಿರುವಾಗಲೇ ಬಲೂನ್ ಚಿಕಿತ್ಸೆಯನ್ನೂ ಮಾಡಬಹುದು. ಮದುವೆಗೆ ಮುಂಚೆ ಗೊತ್ತಿದ್ದರೆ ಇನ್ನೂ ಒಳ್ಳೆಯದು. ಗೊತ್ತಾದರೆ ಸಂಬಂಧ ಕೂಡಿಬರುವುದಿಲ್ಲವೆಂದು ತಂದೆತಾಯಿಗಳು ಮುಚ್ಚಿಡುತ್ತಾರೆ. ಅವರ ಸಂಕಟ ಅರ್ಥವಾಗುತ್ತದೆ. ಆದರೆ ಮುಚ್ಚಿಟ್ಟಿದ್ದು ಹೆರಿಗೆ ಕೋಣೆಯಲ್ಲಿ ಬಯಲಾಗುತ್ತದೆ, ಆಗ ಪ್ರಾಣವೇ ಪಣವಾಗಿರುತ್ತದೆ.

ವಯಸ್ಸಾದವರಲ್ಲಿ

ಅರವತ್ತು ದಾಟಿದವರಲ್ಲಿ ಅಯೋರ್ಟಿಕ್ ಕವಾಟದ ಮೇಲೆ ಸುಣ್ಣದ ಅಂಶ ಕಟ್ಟಿ ಅದು ಗಡುಸಾಗುತ್ತದೆ, ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವಂತೆ. (ಎಲೆ ಅಡಿಕೆಗೆ ಸುಣ್ಣ ಹಚ್ಚಿದ್ದರಿಂದಲೇ ಹೀಗಾಯಿತೇ ಎಂದು ಕೇಳುವವರಿದ್ದಾರೆ. ಇಲ್ಲ, ಇದು ರಕ್ತದಲ್ಲೇ ಇರುವ ಕ್ಯಾಲ್ಸಿಯಂ. ಹಾಗೆಂದು ಎಲೆ ಅಡಿಕೆ, ಹೊಗೆಸೊಪ್ಪು ಒಳ್ಳೆಯದೆಂದು ನಾವು ಹೇಳಿದಂತಾಗಲಿಲ್ಲ.) ಮೂರು ಎಸಳು ಇರಬೇಕಾದ ಈ ಕವಾಟಕ್ಕೆ ಹುಟ್ಟಿನಿಂದಲೇ ಎರಡು ಎಸಳು ಇರುವವರು ನೂರರಲ್ಲಿ ಒಬ್ಬಿಬ್ಬರು ಇರುತ್ತಾರೆ. ಅವರಲ್ಲಿ ಇದು ಇನ್ನೂ ಮೊದಲೇ ಕಾಣಿಸಿಕೊಳ್ಳಬಹುದು.

ಇದರ ಲಕ್ಷಣಗಳು ಮೂರು: ನಡೆದರೆ ಎದೆ ಹಿಡಿದಂತಾಗುವುದು, ಏದುಸಿರು, ಕೆಲಸ ಮಾಡುವಾಗ ಕಣ್ಣು ಕತ್ತಲಿಟ್ಟು ಬೀಳುವುದು. ತೀವ್ರವಾಗಿ ಕಿರಿದಾದ ಕವಾಟದವರಲ್ಲಿ ಈ ಲಕ್ಷಣಗಳು ಬಂದ ಮೇಲೂ ಚಿಕಿತ್ಸೆ ಮಾಡಿಸದಿದ್ದರೆ ಅರ್ಧದಷ್ಟು ಜನ ಎರಡು ವರ್ಷ ಬದುಕುವುದಿಲ್ಲ. 'ವಯಸ್ಸಾಯಿತಲ್ಲ, ಇನ್ನೇನು' ಎಂದು ಬಿಡುವ ಮೊದಲು ಒಂದು ಎಕೋ ಆಗಲಿ.

ಮನೆಯವರು ನೋಡಬೇಕಾದದ್ದು

ಕವಾಟದ ರೋಗಿಯನ್ನು ಕೇಳಿದರೆ 'ನನಗೇನೂ ತೊಂದರೆಯಿಲ್ಲ' ಎನ್ನುತ್ತಾರೆ. ಸುಳ್ಳಲ್ಲ. ಕಾಯಿಲೆ ನಿಧಾನವಾಗಿ ಬೆಳೆದಂತೆ ಅವರೂ ನಿಧಾನವಾಗಿ ಕೆಲಸ ಕಡಿಮೆ ಮಾಡಿಕೊಂಡಿರುತ್ತಾರೆ. ತೆಂಗಿನಕಾಯಿ ಮೂಟೆ ಹೊರುವುದನ್ನು ಮಗನಿಗೆ ಬಿಟ್ಟಿರುತ್ತಾರೆ. ಹೊಲಕ್ಕೆ ನಡೆಯುವ ಬದಲು ಗಾಡಿ ಹತ್ತುತ್ತಾರೆ. ಹೋದ ವರ್ಷ ದೇವರಾಯನದುರ್ಗದ ಬೆಟ್ಟವನ್ನು ಎಲ್ಲೂ ನಿಲ್ಲದೆ ಹತ್ತಿದವರು ಈ ವರ್ಷ ಮೂರು ಕಡೆ ಕೂರುತ್ತಾರೆ, ಅಥವಾ ಕೆಳಗೇ ಉಳಿದು 'ನೀವು ಹೋಗಿ ಬನ್ನಿ' ಎನ್ನುತ್ತಾರೆ. ಇದು ಕಾಣುವುದು ಜೊತೆಯಲ್ಲಿ ಬಾಳುವವರಿಗೆ ಮಾತ್ರ.

ಆದ್ದರಿಂದ ವೈದ್ಯರು ರೋಗಿಯನ್ನು ಪ್ರಶ್ನಿಸುವಾಗ ಬಂಧುಗಳು ಸುಮ್ಮನಿರಬೇಡಿ. ಹೋದ ವರ್ಷ ಮಾಡುತ್ತಿದ್ದ ಯಾವ ಕೆಲಸವನ್ನು ಈಗ ಬಿಟ್ಟಿದ್ದಾರೆ, ಮಲಗಲು ಎಷ್ಟು ದಿಂಬು ಬೇಕಾಗಿದೆ, ಸಂಜೆಗೆ ಪಾದ ಊದುತ್ತದೆಯೇ, ಎದೆ ತಾಳ ತಪ್ಪಿ ಡವಡವ ಎನ್ನುತ್ತದೆಯೇ ಎಂಬುದನ್ನು ಹೇಳಿ. ರಾತ್ರಿ ಉಸಿರು ಕಟ್ಟುವುದನ್ನು ಉಬ್ಬಸವೆಂದು ತಿಳಿದು ವರ್ಷಗಟ್ಟಲೆ ಉಬ್ಬಸದ ಮಾತ್ರೆ ನುಂಗಿದವರೂ ಇದ್ದಾರೆ. ತಾಳ ತಪ್ಪಿದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಮೆದುಳಿಗೆ ಹೋಗಿ ಲಕ್ವ ಹೊಡೆದ ಮೇಲೆಯೇ ಕವಾಟದ ಕಾಯಿಲೆ ತಿಳಿಯುವುದೂ ಉಂಟು.

ಯಾವ ಪರೀಕ್ಷೆ?

ಬಿ.ಪಿ., ಸಕ್ಕರೆ ಸರಿಯಿದ್ದ ಮಾತ್ರಕ್ಕೆ ಕವಾಟ ಸರಿಯಿದೆ ಎಂದಲ್ಲ. ಇ.ಸಿ.ಜಿ. ಕೂಡ ಸರಿಯಾಗಿಯೇ ಬರಬಹುದು. ಅದು ಹೃದಯದ ವಿದ್ಯುತ್ತನ್ನು ತೋರಿಸುತ್ತದೆ, ಬಾಗಿಲನ್ನಲ್ಲ. ಮೊದಲ ಸುಳಿವು ಸಿಗುವುದು ಸ್ಟೆತಾಸ್ಕೋಪಿನಲ್ಲಿ. 1816ರಲ್ಲಿ ಫ್ರಾನ್ಸಿನ ಲೆನೆಕ್ ಎಂಬ ವೈದ್ಯ ಕಾಗದ ಸುರುಳಿ ಸುತ್ತಿ ಎದೆಗಿಟ್ಟು ಕೇಳಿದಾಗಿನಿಂದ ಈ ಉಪಕರಣ ತನ್ನ ಕೆಲಸ ಬಿಟ್ಟಿಲ್ಲ. ಅಂಗಿ ಬಿಚ್ಚಿಸಿ, ಎದೆಯ ನಾಲ್ಕಾರು ಕಡೆ ಇಟ್ಟು ಕೇಳಬೇಕು, ಅದಕ್ಕೆ ಸಂಕೋಚಪಡಬೇಡಿ. ಕವಾಟದ ಅಳತೆ, ಸೋರಿಕೆ, ಸ್ನಾಯುವಿನ ಬಲ ಇವೆಲ್ಲ ತಿಳಿಯುವುದು ಎಕೋ ಸ್ಕ್ಯಾನಿನಲ್ಲಿ. ಸೂಜಿಯಿಲ್ಲ, ನೋವಿಲ್ಲ, ಎಕ್ಸರೆಯಂಥ ಕಿರಣವಿಲ್ಲ, ಸಾಮಾನ್ಯವಾಗಿ ಹಸಿದು ಬರಬೇಕಾಗಿಯೂ ಇಲ್ಲ. ಗರ್ಭಿಣಿಯರಿಗೂ ಸುರಕ್ಷಿತ.

ಅಲ್ಪ ತೊಂದರೆಯಿದ್ದರೆ ಮೂರರಿಂದ ಐದು ವರ್ಷಕ್ಕೊಮ್ಮೆ, ಮಧ್ಯಮವಿದ್ದರೆ ವರ್ಷ ಎರಡು ವರ್ಷಕ್ಕೊಮ್ಮೆ, ತೀವ್ರವಿದ್ದರೆ ಆರು ತಿಂಗಳಿಂದ ವರ್ಷಕ್ಕೊಮ್ಮೆ ಎಕೋ ಮಾಡಿಸುವುದು ವಾಡಿಕೆ.

'ತೊಂದರೆಯೇ ಇಲ್ಲ, ಆಪರೇಷನ್ ಏಕೆ?'

ಬಹಳ ಜನರಿಗೆ ಅನುಮಾನ ಬರುವುದು ಇಲ್ಲಿ. ಕವಾಟ ಸೋರುವಾಗ ಹೃದಯವು ಹೆಚ್ಚು ಕೆಲಸ ಮಾಡಿ, ಹಿಗ್ಗಿಕೊಂಡು, ವರ್ಷಗಟ್ಟಲೆ ಕೊರತೆಯನ್ನು ಮುಚ್ಚಿಕೊಡುತ್ತದೆ. ರೋಗಿಗೆ ಏನೂ ಅನಿಸುವುದಿಲ್ಲ. ಆದರೆ ಎಕೋದಲ್ಲಿ ಹೃದಯ ಹಿಗ್ಗುತ್ತಿರುವುದು, ಸ್ನಾಯುವಿನ ಬಲ ಇಳಿಯುತ್ತಿರುವುದು ಕಾಣುತ್ತದೆ. ವೈದ್ಯರು ಆಪರೇಷನ್ ಎನ್ನುವುದು ಆ ಹಂತದಲ್ಲಿ. ಏದುಸಿರು ಬಂದು ಕಾಲು ಊದಿದ ಮೇಲೆ ಮಾಡಿದರೂ ಆಗುತ್ತದೆ, ಆದರೆ ಹೃದಯ ಮೊದಲಿನ ಬಲಕ್ಕೆ ಮರಳದೇ ಇರಬಹುದು. ಅನುಮಾನವಿದ್ದರೆ ಎಕೋ ವರದಿ ಹಿಡಿದು ಇನ್ನೊಬ್ಬ ಹೃದ್ರೋಗ ತಜ್ಞರನ್ನು ಕೇಳಿ. ಯಾವ ಒಳ್ಳೆಯ ವೈದ್ಯರೂ ಬೇಸರಪಡುವುದಿಲ್ಲ. ಕೇಳದೆ, ಮಾಡಿಸದೆ, ಮನೆಯಲ್ಲಿ ಉಳಿಯುವುದು ಮಾತ್ರ ಬೇಡ.

ಕಿರಿದಾದ ಮೈಟ್ರಲ್ ಕವಾಟಕ್ಕೆ ಎದೆ ತೆರೆಯದೆ ಬಲೂನ್ ಚಿಕಿತ್ಸೆ ಇದೆ. ತೊಡೆಯ ರಕ್ತನಾಳದಿಂದ ಸಣ್ಣ ನಳಿಕೆ ಕಳಿಸಿ, ಕವಾಟದಲ್ಲಿ ಬಲೂನ್ ಉಬ್ಬಿಸಿ, ಅಂಟಿದ ಅಂಚುಗಳನ್ನು ಬಿಡಿಸುತ್ತಾರೆ. ಜಪಾನಿನ ಡಾ. ಇನೊವೆ ಅವರು 1980ರ ದಶಕದಲ್ಲಿ ಕಂಡುಹಿಡಿದ ಈ ವಿಧಾನ ಬೆಂಗಳೂರಿನ ಸರ್ಕಾರಿ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಲಭ್ಯವಿದೆ. ತುಮಕೂರಿನಿಂದ ಅಲ್ಲಿಗೆ ಸುಮಾರು 70 ಕಿಲೋಮೀಟರ್. ಆದರೆ ಕವಾಟ ಕಲ್ಲಿನಂತೆ ಗಟ್ಟಿಯಾಗಿದ್ದರೆ, ಸೋರಿಕೆ ಹೆಚ್ಚಿದ್ದರೆ ಬಲೂನ್ ಆಗುವುದಿಲ್ಲ. ಎದೆ ತೆರೆದು ಕವಾಟವನ್ನೇ ಬದಲಿಸಬೇಕು. ಬೇಗ ಬಂದವರಿಗೆ ಚಿಕ್ಕ ಚಿಕಿತ್ಸೆ, ತಡವಾದವರಿಗೆ ದೊಡ್ಡ ಚಿಕಿತ್ಸೆ. ಅಯೋರ್ಟಿಕ್ ಕವಾಟವನ್ನೂ ಎದೆ ತೆರೆಯದೆ ನಳಿಕೆಯ ಮೂಲಕ ಹಾಕುವ ವಿಧಾನ 2002ರಿಂದ ಬಂದಿದೆ. ವಯಸ್ಸಾದವರಿಗೆ ಅನುಕೂಲ, ಖರ್ಚು ಮಾತ್ರ ಇನ್ನೂ ಹೆಚ್ಚು.

ಕೃತಕ ಕವಾಟ ಒಂದು ಕಾಲದಲ್ಲಿ ಹೊರದೇಶದಿಂದಲೇ ಬರಬೇಕಿತ್ತು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಮತ್ತು ಅವರ ತಂಡ ವರ್ಷಗಟ್ಟಲೆ ದುಡಿದು ಭಾರತದ್ದೇ ಕವಾಟ ತಯಾರಿಸಿದರು. ಮೊದಲ ಮಾದರಿಗಳು ವಿಫಲವಾದವು, ಬಿಡಲಿಲ್ಲ. 1990ರ ಡಿಸೆಂಬರಿನಲ್ಲಿ ಅದನ್ನು ಮೊದಲ ಬಾರಿಗೆ ರೋಗಿಗೆ ಅಳವಡಿಸಲಾಯಿತು. ಇಂದು ಲಕ್ಷಕ್ಕೂ ಹೆಚ್ಚು ಜನರ ಎದೆಯಲ್ಲಿ ಅದು ತೆರೆದು ಮುಚ್ಚಿದೆ. ಆ ಮಹನೀಯರು ಮುಂದೆ ನಮ್ಮ ಮಣಿಪಾಲದಲ್ಲೇ ಕುಲಪತಿಗಳಾಗಿದ್ದು 2024ರಲ್ಲಿ ತೀರಿಕೊಂಡರು.

ಲೋಹದ ಕವಾಟ ಹಾಕಿಸಿಕೊಂಡವರು

ಇವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕು, ಐ.ಎನ್.ಆರ್. ಎಂಬ ರಕ್ತಪರೀಕ್ಷೆಯನ್ನು ಹೇಳಿದ ದಿನಕ್ಕೆ ಮಾಡಿಸಬೇಕು. ಒಂದು ವಾರ ಮಾತ್ರೆ ಬಿಟ್ಟರೂ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿ ಅದು ನಿಂತುಹೋಗಬಹುದು. ಪರೀಕ್ಷೆ ಬೇಡದ ಹೊಸ ಮಾತ್ರೆಗಳಿವೆಯಲ್ಲ ಎಂದು ಕೇಳುತ್ತಾರೆ. ಲೋಹದ ಕವಾಟಕ್ಕೆ, ರುಮ್ಯಾಟಿಕ್ ಕಾಯಿಲೆಯಿಂದ ಕಿರಿದಾದ ಮೈಟ್ರಲ್ ಕವಾಟಕ್ಕೆ ಅವು ಆಗುವುದಿಲ್ಲ. ಸೊಪ್ಪು ತಿನ್ನಬಾರದೆಂಬ ಮಾತು ತಪ್ಪು. ವಾರಕ್ಕೆ ಎರಡು ದಿನ ಸೊಪ್ಪಿನ ಬಸ್ಸಾರು ಮಾಡುವ ಮನೆಯಲ್ಲಿ ಹಾಗೆಯೇ ಮಾಡಲಿ. ಒಂದು ವಾರ ದಿನವೂ ಸೊಪ್ಪು, ಮರುವಾರ ಸೊಪ್ಪೇ ಇಲ್ಲ ಎಂಬಂತೆ ಆಗಬಾರದು, ಅಷ್ಟೆ. ಮಂಡಿನೋವಿನ ಮಾತ್ರೆ, ನಾಟಿ ಔಷಧ ಯಾವುದನ್ನೂ ವೈದ್ಯರಿಗೆ ಹೇಳದೆ ತೆಗೆದುಕೊಳ್ಳಬೇಡಿ. ಹಲ್ಲು ಕೀಳಿಸುವ ಮೊದಲು ಕವಾಟದ ವಿಷಯ ಹೇಳಿ, ಹಲ್ಲಿನ ರೋಗಾಣು ಕವಾಟಕ್ಕೆ ಹತ್ತುವ ಭಯವಿದೆ. ಮಗು ಬೇಕೆನ್ನುವ ಹೆಣ್ಣುಮಕ್ಕಳು ಗರ್ಭ ಧರಿಸುವ ಮುಂಚೆಯೇ ಬಂದು ಕೇಳಿ. ಈ ಮಾತ್ರೆ ಗರ್ಭದಲ್ಲಿರುವ ಮಗುವಿಗೆ ತೊಂದರೆ ಮಾಡಬಹುದು. ಹಾಗೆಂದು ತಾವಾಗಿಯೇ ಮಾತ್ರೆ ನಿಲ್ಲಿಸುವುದು ಇನ್ನೂ ಅಪಾಯ.

ಖರ್ಚು ಮತ್ತು ಕಾಗದಪತ್ರ

ಕವಾಟದ ಚಿಕಿತ್ಸೆಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ (2018ರಿಂದ) ನೆರವು ಸಿಗುತ್ತದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎ.ಪಿ.ಎಲ್. ಕಾರ್ಡಿನವರಿಗೆ ನಿಗದಿತ ದರದ ನೂರಕ್ಕೆ 30ರಷ್ಟು. ತುರ್ತು ಸ್ಥಿತಿ ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ಪಡಿತರ ಚೀಟಿ, ಆಧಾರ್ ಎರಡರಲ್ಲೂ ರೋಗಿಯ ಹೆಸರು ಒಂದೇ ರೀತಿ ಇದೆಯೇ ಎಂದು ಇಂದೇ ನೋಡಿಕೊಳ್ಳಿ. ಆಪರೇಷನ್ ದಿನ ಗೊತ್ತಾದ ಮೇಲೆ ಇದಕ್ಕಾಗಿ ಅಲೆಯುವುದು ಕಷ್ಟ.

ಹಳೆಯ ಎಕೋ ವರದಿಗಳನ್ನೆಲ್ಲ ಒಂದು ಚೀಲದಲ್ಲಿ ಇಟ್ಟು ಪ್ರತಿ ಬಾರಿಯೂ ತನ್ನಿ. ಹೋದ ವರ್ಷದ ಅಳತೆ ಮತ್ತು ಈ ವರ್ಷದ ಅಳತೆ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಹೃದಯ ಹಿಗ್ಗುತ್ತಿದೆಯೇ ಎಂದು ವೈದ್ಯರಿಗೆ ತಿಳಿಯುವುದು. ನುಣುಪು ಕಾಗದದಲ್ಲಿ ಬರುವ ಇ.ಸಿ.ಜಿ. ಮತ್ತು ಸ್ಕ್ಯಾನ್ ಚಿತ್ರಗಳು ಒಂದೆರಡು ವರ್ಷದಲ್ಲಿ ಮಾಸುತ್ತವೆ, ಅವುಗಳ ಜೆರಾಕ್ಸ್ ಮಾಡಿಸಿಡಿ. ಲ್ಯಾಮಿನೇಷನ್ ಮಾಡಿಸಬೇಡಿ, ಆ ಬಿಸಿಗೆ ಕಾಗದವೆಲ್ಲ ಕಪ್ಪಾಗಿ ಏನೂ ಕಾಣದಂತಾಗುತ್ತದೆ.